ಕನ್ನಡಿಗರ ಊಟ ತೂಗಿ ನೋಡಿದ ಡಾ. ಮ್ಯಾಕ್‌ಕ್ಯಾರಿಸನ್

ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಊರಿನ ಜನರ ಬಾಯಲ್ಲಿ ಅದು ಎನ್‌ಐಎನ್. ಕಾಚಿಗುಡ, ಸಿಕಂದರಾಬಾದ್, ಹಬ್ಸಿಗುಡ ಕಡೆಯ ಎಷ್ಟೋ ಕನ್ನಡಿಗರು ಕೆಲಸಕ್ಕೆ ಹೋಗಿ ಬರುವಾಗ ಈ ಸಂಸ್ಥೆಯ ಮುಂದೆಯೇ ಹಾದು ಹೋಗುತ್ತಾರೆ. ಆದರೆ ಈ ಸಂಸ್ಥೆ ಹುಟ್ಟಿದ್ದು ಹೈದರಾಬಾದಿನಲ್ಲಿ ಅಲ್ಲ, ನೀಲಗಿರಿ ಬೆಟ್ಟದ ಕೂನೂರಿನಲ್ಲಿ, ಅದೂ ಒಂದೇ ಒಂದು ಕೋಣೆಯಲ್ಲಿ. ಅದನ್ನು ಹುಟ್ಟುಹಾಕಿದವರು ಐರ್ಲೆಂಡಿನಿಂದ ಬಂದ ವೈದ್ಯ ಡಾ. ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಕನ್ನಡಿಗರ ಊಟವನ್ನು ಇಲಿಗಳಿಗೆ ಹಾಕಿ, ಆ ಇಲಿಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಿದವರೂ ಇವರೇ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿ.

ಇಂದು ಸಂಘದ ಯಾವ ಸಮಾರಂಭದ ಪಂಕ್ತಿಯಲ್ಲಿ ನೋಡಿದರೂ ಸಿಹಿ ಬೇಡವೆಂದು ಎಲೆಗೆ ಕೈ ಅಡ್ಡ ಇಡುವವರು ಹತ್ತಾರು ಮಂದಿ ಇರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ, ಬೊಜ್ಜಿನ ದೇಹದವರು ಸುಮಾರು 25 ಕೋಟಿ. ಇದಕ್ಕೆ ವಂಶ, ವಯಸ್ಸು, ಕುಳಿತು ಮಾಡುವ ಕೆಲಸ ಎಂಬ ಕಾರಣಗಳ ಜೊತೆಗೆ ನಮ್ಮ ಕರುಳಿನಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳ ಪಾತ್ರವೂ ಇದೆ ಎಂದು ವಿಜ್ಞಾನಿಗಳು ಈಗ ಹೇಳುತ್ತಿದ್ದಾರೆ. ಊಟ, ಕರುಳು, ಕರುಳಿನ ಸೂಕ್ಷ್ಮಜೀವಿ, ರೋಗ ಈ ನಾಲ್ಕಕ್ಕೂ ಏನೋ ನಂಟಿದೆ ಎಂದು ನೂರು ವರ್ಷಗಳ ಹಿಂದೆಯೇ ಹುಡುಕಲು ಹೊರಟವರ ಸಾಲಿನಲ್ಲಿ ಮ್ಯಾಕ್‌ಕ್ಯಾರಿಸನ್ ಅವರ ಹೆಸರು ಮುಂದಿದೆ. ಆದ್ದರಿಂದಲೇ ಅವರ ಬದುಕನ್ನು ನಾವು ತಿಳಿಯಬೇಕಾಗಿದೆ.

ಐರ್ಲೆಂಡಿನಿಂದ ಗಿಲ್ಗಿಟ್‌ಗೆ

ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಜನಿಸಿದ್ದು 1878ರ ಮಾರ್ಚ್ 15ರಂದು, ಉತ್ತರ ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ. ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯಕೀಯ ಓದಿ 1900ರಲ್ಲಿ ಪದವಿ ಪಡೆದರು. ಮರುವರ್ಷವೇ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ಆಗ ಅವರಿಗೆ 23 ವರ್ಷ.

ಮೊದಲು ಅವರಿಗೆ ಸಿಕ್ಕಿದ್ದು ವಾಯವ್ಯ ಗಡಿಯ ಚಿತ್ರಾಲ್. ಅಲ್ಲಿನ ಸಿಪಾಯಿಗಳನ್ನು ಕಾಡುತ್ತಿದ್ದ ಮೂರು ದಿನದ ಜ್ವರ ಮಲೇರಿಯಾ ಅಲ್ಲ, ಬೇರೆಯೇ ಜ್ವರ ಎಂದು ಗುರುತಿಸಿದರು. ಅದು ಮರಳುನೊಣದಿಂದ ಹರಡುವ ಜ್ವರವೆಂದು ಮುಂದೆ ಖಚಿತವಾಯಿತು. ಆನಂತರ ಹಿಮಾಲಯದ ಆಚೆಯ ಗಿಲ್ಗಿಟ್ ಏಜೆನ್ಸಿಯಲ್ಲಿ ಸರ್ಜನ್ ಆಗಿ ಸುಮಾರು ಏಳು ವರ್ಷ ಕೆಲಸ ಮಾಡಿದರು. ಅವರ ಮುಂದಿನ ಬದುಕಿಗೆ ದಾರಿ ತೋರಿಸಿದ್ದು ಈ ಏಳು ವರ್ಷ.

ಗಿಲ್ಗಿಟ್‌ನಲ್ಲಿ ಗಳಗಂಡ ರೋಗ ಮನೆಮನೆಯಲ್ಲೂ ಇತ್ತು. ಅಲ್ಲಿ ಒಂದೇ ಕಾಲುವೆಯ ನೀರು ಒಂದರ ಕೆಳಗೊಂದು ಇರುವ ಹಳ್ಳಿಗಳಿಗೆ ಹರಿಯುತ್ತಿತ್ತು. ಮೇಲಿನ ಹಳ್ಳಿಯ ಕೊಳಚೆ ಕೆಳಗಿನ ಹಳ್ಳಿಯ ಕುಡಿಯುವ ನೀರಿಗೆ ಸೇರುತ್ತಿತ್ತು. ಮೇಲಿನ ಹಳ್ಳಿಯಲ್ಲಿ ಗಳಗಂಡ ಕಡಿಮೆ, ಕೆಳಗೆ ಇಳಿದಂತೆಲ್ಲಾ ಹೆಚ್ಚು. ಇದನ್ನು ಕಂಡ ಮ್ಯಾಕ್‌ಕ್ಯಾರಿಸನ್, ನೀರಿನ ಮೂಲಕ ಕರುಳು ಸೇರುವ ಯಾವುದೋ ಸೂಕ್ಷ್ಮಜೀವಿಯೇ ಈ ರೋಗಕ್ಕೆ ಕಾರಣ ಎಂದು ಊಹಿಸಿದರು. ಊಹೆ ಮಾಡಿ ಸುಮ್ಮನೆ ಕೂರಲಿಲ್ಲ. ಆ ನೀರಿನ ಗಷ್ಟವನ್ನು ಸೋಸಿ ತೆಗೆದು ಸ್ವತಃ ಸೇವಿಸಿದರು. ಸ್ವಯಂಪ್ರೇರಣೆಯಿಂದ ಮುಂದೆ ಬಂದ ಕೆಲವರಿಗೂ ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಗಷ್ಟವನ್ನು ಕುದಿಸಿ ಕೊಟ್ಟರು. ಕುದಿಸದೆ ಸೇವಿಸಿದವರಲ್ಲಿ ಕೆಲವರ ಗಂಟಲು ಊದಿಕೊಂಡಿತು, ಕುದಿಸಿ ಸೇವಿಸಿದವರಿಗೆ ಏನೂ ಆಗಲಿಲ್ಲ. ಕರುಳನ್ನು ಶುದ್ಧಿ ಮಾಡುವ ಥೈಮಾಲ್ ಎಂಬ ಔಷಧಿಯನ್ನೂ ಅವರು ಪ್ರಯೋಗಿಸಿದರು. 1913ರಲ್ಲಿ ಲಂಡನ್ನಿನಲ್ಲಿ ಮಿಲ್‌ರಾಯ್ ಉಪನ್ಯಾಸ ಮಾಲೆಯಲ್ಲಿ ಈ ವಿಷಯವನ್ನು ಮಂಡಿಸಿದರು.

ಆದರೆ ಇಲ್ಲಿ ಅವರ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ. ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ ಎಂಬುದು ಮುಂದೆ ಸ್ಥಿರಪಟ್ಟಿತು. ಭಾರತದಲ್ಲಿ ಅದನ್ನು ತೋರಿಸಿಕೊಟ್ಟ ದೊಡ್ಡ ಪ್ರಯೋಗ 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಆರಂಭವಾಯಿತು. ಅದರ ನೇತೃತ್ವ ವಹಿಸಿದ್ದವರು ಶ್ರೀಕಾಕುಳಂನಲ್ಲಿ ಹುಟ್ಟಿದ ಡಾ. ವಿ. ರಾಮಲಿಂಗಸ್ವಾಮಿ. ಅವರು ಅದಕ್ಕೂ ಮೊದಲು ಮ್ಯಾಕ್‌ಕ್ಯಾರಿಸನ್ ಕಟ್ಟಿದ ಕೂನೂರಿನ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದರು. ಗುರುಪೀಠದ ತಪ್ಪನ್ನು ಅದೇ ಪೀಠದಲ್ಲಿ ಪಳಗಿದವರು ತಿದ್ದಿದಂತಾಯಿತು. ಇಂದು ಅಡಿಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುವುದರ ಹಿಂದೆ ಈ ಇತಿಹಾಸವಿದೆ.

ಗಿಲ್ಗಿಟ್‌ನ ಪಕ್ಕದ ಹುಂಜಾ ಕಣಿವೆಯ ಜನರನ್ನೂ ಅವರು ಹತ್ತಿರದಿಂದ ಕಂಡರು. ಇಡೀ ಧಾನ್ಯದ ರೊಟ್ಟಿ, ಹಾಲು, ಸೊಪ್ಪು, ತರಕಾರಿ, ಜರ್ದಾಳು ಹಣ್ಣು ತಿಂದು ಬೆಟ್ಟ ಹತ್ತಿ ಇಳಿಯುವ ಆ ಜನರಲ್ಲಿ ಅಜೀರ್ಣ, ಹೊಟ್ಟೆಹುಣ್ಣು, ಅಪೆಂಡಿಸೈಟಿಸ್ ಮುಂತಾದವು ತಮ್ಮ ಕಣ್ಣಿಗೆ ಬೀಳಲಿಲ್ಲವೆಂದು ಬರೆದರು. ಇದನ್ನು ಮುಂದೆ ಹಲವರು ಬೆಳೆಸಿ, ಹುಂಜಾದವರಿಗೆ ರೋಗವೇ ಇಲ್ಲ, ನೂರಾರು ವರ್ಷ ಬದುಕುತ್ತಾರೆ ಎಂದು ಕಥೆ ಕಟ್ಟಿದರು. ಅದು ನಿಜವಲ್ಲ. ಆನಂತರ ಅಲ್ಲಿಗೆ ಹೋದ ವೈದ್ಯರು ಅಲ್ಲಿಯೂ ಗಳಗಂಡ, ರಕ್ತಹೀನತೆ ಇತ್ಯಾದಿಗಳನ್ನು ಕಂಡರು. ಆದರೆ ಊಟಕ್ಕೂ ಹೊಟ್ಟೆಯ ಆರೋಗ್ಯಕ್ಕೂ ಇರುವ ಸಂಬಂಧದ ಪ್ರಶ್ನೆ ಮ್ಯಾಕ್‌ಕ್ಯಾರಿಸನ್ ಅವರ ಮನಸ್ಸಿನಲ್ಲಿ ಬೇರೂರಿದ್ದು ಅಲ್ಲಿಯೇ.

ಕೂನೂರಿನ ಒಂದು ಕೋಣೆ

ಮೊದಲನೇ ಮಹಾಯುದ್ಧದಲ್ಲಿ ಸೇನಾ ಸೇವೆ ಸಲ್ಲಿಸಿ, ಆರೋಗ್ಯ ಕೆಡಿಸಿಕೊಂಡು ಭಾರತಕ್ಕೆ ಮರಳಿದ ಅವರಿಗೆ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಯ ಕೆಲಸ ವಹಿಸಲಾಯಿತು. ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ಕೋಣೆ, ಕೈಬೆರಳಿನಲ್ಲಿ ಎಣಿಸಬಹುದಾದ ಸಹಾಯಕರು, ಇಷ್ಟೇ ಬಂಡವಾಳ. ಕಾಲು ಸೋತು, ಮೈ ಊದಿ, ಕೊನೆಗೆ ಹೃದಯ ನಿಲ್ಲುವ ಈ ರೋಗ ಆಗ ಮದರಾಸು ಪ್ರಾಂತದ ತೆಲುಗು ಕರಾವಳಿ ಜಿಲ್ಲೆಗಳಲ್ಲಿ ಕಾಡುತ್ತಿತ್ತು. ಗಿರಣಿಯಲ್ಲಿ ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿಯೇ ಅಲ್ಲಿಯ ಮುಖ್ಯ ಆಹಾರ. ಅಕ್ಕಿಯ ತೌಡಿನ ಜೊತೆಗೆ ಬಿ1 ಜೀವಸತ್ವವೂ ಹೋಗುತ್ತಿತ್ತು. ಕುಚ್ಚಲಕ್ಕಿ ಉಣ್ಣುವ ಕಡೆ ಈ ರೋಗ ಅಪರೂಪವಾಗಿತ್ತು.

ಇದೇ ಸಮಯದಲ್ಲಿ ಮಂಗಗಳ ಮೇಲೆ ಅವರು ನಡೆಸಿದ ಪ್ರಯೋಗಗಳು ಬಹಳ ಮುಖ್ಯವಾದವು. ಹೆಚ್ಚಿನ ವೈದ್ಯರು ಆಗ ಜೀವಸತ್ವದ ಕೊರತೆಯನ್ನು ನರ, ಎಲುಬು, ಕಣ್ಣುಗಳಲ್ಲಿ ಹುಡುಕುತ್ತಿದ್ದರು. ಮ್ಯಾಕ್‌ಕ್ಯಾರಿಸನ್ ಕರುಳನ್ನು ಬಿಡಿಸಿ ನೋಡಿದರು. ಸತ್ವ ತೆಗೆದ ಆಹಾರ ತಿಂದ ಮಂಗಗಳ ಕರುಳು ತೆಳುವಾಗಿ, ಒಳಪದರ ಹದಗೆಟ್ಟು, ದೊಡ್ಡ ಕರುಳಿನಲ್ಲಿ ಉರಿಯೂತ ಕಾಣಿಸಿಕೊಂಡಿತ್ತು. ಒಳಪದರ ಸೋತ ಕಡೆ, ಅದುವರೆಗೆ ಕರುಳಿನಲ್ಲಿ ಸುಮ್ಮನಿದ್ದ ಸೂಕ್ಷ್ಮಜೀವಿಗಳು ಗೋಡೆಯೊಳಕ್ಕೆ ನುಗ್ಗಿದ್ದವು. ಚೆನ್ನಾಗಿ ಉಂಡ ಮಂಗಗಳಲ್ಲಿ ಹಾಗಾಗಿರಲಿಲ್ಲ. ರೋಗಾಣು ಒಂದೇ ಇದ್ದರೆ ಸಾಲದು, ಅದಕ್ಕೆ ಬಾಗಿಲು ತೆರೆಯುವುದು ಕೆಟ್ಟ ಆಹಾರ ಎಂಬುದು ಅವರ ತೀರ್ಮಾನ. ಈ ವಿಷಯವಾಗಿ 1921ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಉಪನ್ಯಾಸ ನೀಡಿದರು. ಅದೇ ವರ್ಷ ಕೊರತೆಯ ರೋಗಗಳನ್ನು ಕುರಿತ ಅವರ ದೊಡ್ಡ ಗ್ರಂಥವೂ ಹೊರಬಂತು.

ಇಷ್ಟಾದರೂ ಸರ್ಕಾರದ ಖರ್ಚು ಕಡಿತದ ಕತ್ತರಿ ಅವರನ್ನು ಬಿಡಲಿಲ್ಲ. ಇಂಚ್‌ಕೇಪ್ ಸಮಿತಿಯ ಶಿಫಾರಸಿನಂತೆ 1923ರಲ್ಲಿ ಕೂನೂರಿನ ಕೆಲಸವನ್ನೇ ನಿಲ್ಲಿಸಲಾಯಿತು. ದೇಶದ ಜನ ಏನು ಉಣ್ಣುತ್ತಾರೆ ಎಂದು ವಿಚಾರಿಸುವ ಒಂದು ಕೋಣೆಯ ಖರ್ಚು ಆಗಿನ ಸರ್ಕಾರಕ್ಕೆ ಭಾರವಾಗಿ ಕಂಡಿತು. 1925ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಕೃಷಿ ಕುರಿತ ರಾಯಲ್ ಕಮಿಷನ್ ಮುಂದೆ ಅವರು ಹಾಜರಾಗಿ, ರೈತನ ಬೆಳೆಗೂ ಜನರ ಆರೋಗ್ಯಕ್ಕೂ ಇರುವ ಸಂಬಂಧವನ್ನು ವಿವರಿಸಿದರು. 1928ರಲ್ಲಿ ಆ ಪುಟ್ಟ ಘಟಕಕ್ಕೆ ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್ ಎಂಬ ಹೆಸರು ಬಂತು. ಅದೇ ವರ್ಷ ಶಾಲಾ ಮಕ್ಕಳೂ ಓದಬಹುದಾದಂತೆ ಆಹಾರದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು.

ಏಳು ಊಟ, ಏಳು ಗುಂಪು

ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಪ್ರಯೋಗ ಇದು. ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ತಲಾ 20ರಂತೆ ಏಳು ಗುಂಪು ಮಾಡಲಾಯಿತು. ಒಂದೊಂದು ಗುಂಪಿಗೆ ದೇಶದ ಒಂದೊಂದು ಜನರ ಊಟ. ಸಿಖ್ಖರು, ಪಠಾಣರು, ಮರಾಠರು, ಗೂರ್ಖಾಗಳು, ಕನ್ನಡಿಗರು, ಬಂಗಾಳಿಗಳು, ಮದರಾಸಿಗಳು. ಕೆಲವು ವಾರಗಳ ನಂತರ ತೂಗಿ ನೋಡಿದಾಗ ಫಲಿತಾಂಶ ಮೇಲೆ ಹೇಳಿದ ಕ್ರಮದಲ್ಲೇ ಬಂತು. ಸಿಖ್ಖರ ಊಟ ಉಂಡ ಇಲಿ ಸರಾಸರಿ ಸುಮಾರು 235 ಗ್ರಾಂ, ಕನ್ನಡಿಗರ ಊಟ ಉಂಡದ್ದು ಸುಮಾರು 185 ಗ್ರಾಂ, ಮದರಾಸಿನ ಊಟ ಉಂಡದ್ದು ಸುಮಾರು 155 ಗ್ರಾಂ. ಅಂದರೆ ಏಳರಲ್ಲಿ ನಮ್ಮದು ಐದನೇ ಸ್ಥಾನ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ತೂಕ ಬೊಜ್ಜಿನ ತೂಕವಲ್ಲ, ಎಳೆಯ ಪ್ರಾಣಿಯ ಸರಿಯಾದ ಬೆಳವಣಿಗೆಯ ತೂಕ. ಮೇಲಿನ ಸ್ಥಾನದ ಊಟದಲ್ಲಿ ಹೊಟ್ಟು ತೆಗೆಯದ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆಕಾಳು, ಹಸಿ ತರಕಾರಿ ಇದ್ದವು. ಕೆಳಗೆ ಹೋದಂತೆ ಪಾಲಿಷ್ ಅಕ್ಕಿಯ ಪಾಲು ಹೆಚ್ಚಿ, ಹಾಲು ಮತ್ತು ಸೊಪ್ಪು ತರಕಾರಿಯ ಪಾಲು ಇಳಿಯುತ್ತಿತ್ತು. ಕನ್ನಡಿಗರ ಊಟ ಎಂದು ಒಂದೇ ತಟ್ಟೆಯನ್ನು ತೋರಿಸುವುದೂ ಕಷ್ಟವೇ. ಕಲಬುರಗಿ, ಬೀದರಿನ ಜೋಳದ ರೊಟ್ಟಿ ಬೇರೆ, ಮಂಡ್ಯದ ರಾಗಿಮುದ್ದೆ ಬೇರೆ, ಕರಾವಳಿಯ ಕುಚ್ಚಲಕ್ಕಿ ಗಂಜಿ ಬೇರೆ. ಯಾವ ಜನ ಶೂರರು ಎಂದು ಅಳೆಯುವ ಅಂದಿನ ಆಡಳಿತದ ದೃಷ್ಟಿಯೂ ಆ ವರ್ಗೀಕರಣದಲ್ಲಿ ಸೇರಿತ್ತು. ಇಲಿಯ ತೂಕದಿಂದ ಒಂದು ಜನಾಂಗದ ಯೋಗ್ಯತೆ ತಿಳಿಯುವುದಿಲ್ಲ. ತಟ್ಟೆಯಲ್ಲಿ ಏನು ಕಡಿಮೆ ಇದೆ ಎಂಬುದು ಮಾತ್ರ ತಿಳಿಯುತ್ತದೆ.

ಇನ್ನೊಂದು ಪ್ರಯೋಗದಲ್ಲಿ ಸಾವಿರಕ್ಕೂ ಹೆಚ್ಚು ಇಲಿಗಳನ್ನು ಎರಡು ವರ್ಷಕ್ಕೂ ಮಿಕ್ಕಿ ಸಿಖ್ಖರ ಮಾದರಿಯ ಊಟದಲ್ಲಿ ಸಾಕಿದರು. ಅವುಗಳಲ್ಲಿ ರೋಗ ಬಹಳ ಅಪರೂಪವಾಗಿತ್ತು. ಇಂಗ್ಲೆಂಡಿನ ಬಡವರ ಊಟ, ಅಂದರೆ ಬಿಳಿ ಬ್ರೆಡ್, ಮಾರ್ಗರಿನ್, ಅಗ್ಗದ ಜಾಮ್, ಸಕ್ಕರೆ ಚಹಾ, ಡಬ್ಬದ ಮಾಂಸ ಉಂಡ ಇಲಿಗಳು ಕುಗ್ಗಿದವು, ಹೊಟ್ಟೆ ಮತ್ತು ಶ್ವಾಸಕೋಶದ ರೋಗಗಳಿಗೆ ತುತ್ತಾದವು, ಒಂದನ್ನೊಂದು ಕಚ್ಚತೊಡಗಿದವು. ತಮ್ಮ ನಾಡಿನವರ ಊಟವೇ ಕೊನೆಯ ಸಾಲಿಗೆ ಬಂದದ್ದನ್ನು ಮ್ಯಾಕ್‌ಕ್ಯಾರಿಸನ್ ಮುಚ್ಚಿಡಲಿಲ್ಲ. 1936ರಲ್ಲಿ ಲಂಡನ್ನಿನ ಕ್ಯಾಂಟರ್ ಉಪನ್ಯಾಸಗಳಲ್ಲಿ ಇಂಗ್ಲೆಂಡಿನ ಸಭಿಕರ ಮುಂದೆಯೇ ಇಟ್ಟರು.

ಕೂನೂರಿನಿಂದ ತಾರ್ನಾಕಕ್ಕೆ

1933ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1935ರಲ್ಲಿ ಮೇಜರ್ ಜನರಲ್ ದರ್ಜೆಯಲ್ಲಿ ನಿವೃತ್ತರಾಗಿ ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದರು. 1911ರಲ್ಲಿ ಕೈಹಿಡಿದ ಪತ್ನಿ ಹೆಲೆನ್ ಸ್ಟೆಲ್ಲಾ ಅವರೊಂದಿಗಿನ ದಾಂಪತ್ಯದಲ್ಲಿ ಮಕ್ಕಳಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಆಕ್ಸ್‌ಫರ್ಡ್‌ನಲ್ಲಿ ಸ್ನಾತಕೋತ್ತರ ವೈದ್ಯ ಶಿಕ್ಷಣದ ಹೊಣೆಯನ್ನು ಹತ್ತು ವರ್ಷ ಹೊತ್ತರು. 1960ರ ಮೇ 18ರಂದು, ತಮ್ಮ 82ನೇ ವಯಸ್ಸಿನಲ್ಲಿ ನಿಧನರಾದರು.

ಕೂನೂರಿನಲ್ಲಿ ಅವರ ಸ್ಥಾನಕ್ಕೆ ಬಂದ ಡಾ. ವಾಲೇಸ್ ಐಕ್ರಾಯ್ಡ್, ಭಾರತದ ಆಹಾರ ಪದಾರ್ಥಗಳಲ್ಲಿ ಯಾವುದರಲ್ಲಿ ಯಾವ ಸತ್ವ ಎಷ್ಟಿದೆ ಎಂಬ ಪಟ್ಟಿಯನ್ನು 1937ರಲ್ಲಿ ಪ್ರಕಟಿಸಿದರು. ಡಯಟೀಷಿಯನ್‌ಗಳು ಇಂದಿಗೂ ಹಿಡಿದು ನೋಡುವ ಪಟ್ಟಿಗಳ ಮೂಲ ಅದೇ. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಈಗಿನ ಹೆಸರು ಪಡೆಯಿತು. 2018ರಲ್ಲಿ ಅದಕ್ಕೆ ನೂರು ವರ್ಷ ತುಂಬಿತು.

ಹೈದರಾಬಾದಿಗೆ ಬಂದ ಹೊಸದರಲ್ಲೇ ಸಂಸ್ಥೆಯ ವಿಜ್ಞಾನಿಗಳಾದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ದಖ್ಖನಿನ ಬಡವರಲ್ಲಿ ಕಂಡ ಪೆಲಾಗ್ರ ಎಂಬ ಚರ್ಮರೋಗಕ್ಕೂ, ಬೇರೇನೂ ಇಲ್ಲದೆ ಬರೀ ಜೋಳವನ್ನೇ ಉಣ್ಣುವುದಕ್ಕೂ ಸಂಬಂಧವಿದೆಯೆಂದು 1960ರಲ್ಲಿ ಬರೆದರು. ಜೋಳ ಕೆಟ್ಟದ್ದೆಂದು ಇದರ ಅರ್ಥವಲ್ಲ. ಎಷ್ಟೇ ಒಳ್ಳೆಯ ಧಾನ್ಯವಾದರೂ ಅದೊಂದೇ ಸಾಲದು, ಜೊತೆಗೆ ಬೇಳೆ, ಸೊಪ್ಪು, ಹಾಲು ಇರಬೇಕು ಎಂಬ ಮ್ಯಾಕ್‌ಕ್ಯಾರಿಸನ್ ಪಾಠಕ್ಕೆ ಇದೂ ಒಂದು ಸಾಕ್ಷಿ.

ಇಂದಿನ ವಿಜ್ಞಾನ ಕಂಡದ್ದು

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರ ಒಂದು ಲೆಕ್ಕ ಹೇಳುತ್ತದೆ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಿಕೊಳ್ಳಲಾರದ ನಾರಿನ ಅಂಶವೇ ಅವುಗಳ ಊಟ. ಹಿಟ್ಟು ಹುದುಗಿದಂತೆ ಅವು ಈ ನಾರನ್ನು ಹುದುಗಿಸಿ ಕೆಲವು ಆಮ್ಲಗಳನ್ನು ಮಾಡುತ್ತವೆ. ಆ ಆಮ್ಲಗಳು ಕರುಳಿನ ಒಳಪದರವನ್ನು ಪೋಷಿಸುತ್ತವೆ, ಹೊಟ್ಟೆ ತುಂಬಿತೆಂಬ ಸಂದೇಶ ಕಳಿಸುವ ಮತ್ತು ಇನ್ಸುಲಿನ್‌ಗೆ ನೆರವಾಗುವ ಹಾರ್ಮೋನುಗಳನ್ನು ಎಚ್ಚರಿಸುತ್ತವೆ. ನಾರು ಸಿಗದೆ ಹೋದರೆ ಕೆಲವು ಬ್ಯಾಕ್ಟೀರಿಯಾಗಳು ಒಳಪದರದ ಮೇಲಿನ ಲೋಳೆಯನ್ನೇ ತಿನ್ನತೊಡಗುತ್ತವೆ. ಒಳಪದರ ಸೋತಾಗ ಬ್ಯಾಕ್ಟೀರಿಯಾದ ಅಂಶಗಳು ರಕ್ತಕ್ಕೆ ಸೇರಿ ಸಣ್ಣ ಉರಿಯೂತ ಸದಾ ಇರುವಂತಾಗಿ, ಇನ್ಸುಲಿನ್ ಕೆಲಸ ಮಂದವಾಗಬಹುದು ಎಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ಮೂಡಿದ ವಿವರಣೆ. ಮ್ಯಾಕ್‌ಕ್ಯಾರಿಸನ್ ಮಂಗಗಳ ಕರುಳಿನಲ್ಲಿ ಕಂಡದ್ದಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ.

ಅವರು ತೂಗಿದ ಇಲಿಗಳ ಕಥೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೊಸ ರೂಪದಲ್ಲಿ ಮುಂದುವರಿಯಿತು. ಅಲ್ಲಿ ಡಾ. ಜೆಫ್ರಿ ಗಾರ್ಡನ್ ಅವರ ತಂಡ 2006ರಲ್ಲಿ, ಹುಟ್ಟಿನಿಂದ ಯಾವ ಬ್ಯಾಕ್ಟೀರಿಯಾವೂ ಸೋಕದಂತೆ ಬೆಳೆಸಿದ ಇಲಿಗಳಿಗೆ ಬೊಜ್ಜಿನ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೇರಿಸಿತು. ಸಣಕಲು ಇಲಿಗಳಿಂದ ಪಡೆದವುಗಳಿಗಿಂತ ಇವು ಹೆಚ್ಚು ಕೊಬ್ಬು ಕಟ್ಟಿದವು. ಸಕ್ಕರೆ ಕಾಯಿಲೆಯವರು ನಿತ್ಯ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆ ಎಂದು 2015ರ ಅಧ್ಯಯನ ತೋರಿಸಿತು.

ಆದರೆ ಗಿಲ್ಗಿಟ್‌ನ ತಪ್ಪನ್ನು ಇಲ್ಲಿ ಮರೆಯಬಾರದು. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ. ಸಣಕಲು ವ್ಯಕ್ತಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಬೊಜ್ಜಿನವರಿಗೆ ಸೇರಿಸಿದ ನೆದರ್‌ಲೆಂಡ್ಸ್ ಪ್ರಯೋಗದಲ್ಲಿ ಇನ್ಸುಲಿನ್ ಕೆಲಸ ಸ್ವಲ್ಪ ಸುಧಾರಿಸಿತು, ಆದರೆ ಅದು ಬಹಳ ಕಾಲ ಉಳಿಯಲಿಲ್ಲ. ಇಲಿಯಲ್ಲಿ ಆದದ್ದೆಲ್ಲಾ ಮನುಷ್ಯನಲ್ಲಿ ಆಗುವುದಿಲ್ಲ. ಆದ್ದರಿಂದ ಕರುಳಿನ ಬ್ಯಾಕ್ಟೀರಿಯಾ ಸರಿಪಡಿಸಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಪುಡಿ, ಮಾತ್ರೆ ಮಾರುವವರ ಮಾತಿಗೆ ಮರುಳಾಗಬಾರದು. ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಊರು ಬಿಟ್ಟು ಹೈದರಾಬಾದಿಗೆ ಬಂದ ಕನ್ನಡಿಗರ ತಟ್ಟೆಯಲ್ಲಿ ಒಂದು ತಲೆಮಾರಿನೊಳಗೆ ಜೋಳ, ರಾಗಿ ಹಿಂದೆ ಸರಿದು ಬಿಳಿ ಅಕ್ಕಿ, ಮೈದಾ, ಬೇಕರಿ ತಿಂಡಿ ಮುಂದೆ ಬಂದಿವೆ. ತಾರ್ನಾಕದ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಬಗೆಬಗೆಯ ಆಹಾರ, ಸಾಕಷ್ಟು ತರಕಾರಿ, ಬೇಳೆಕಾಳು ತಿನ್ನಿರಿ, ಸಕ್ಕರೆ, ಉಪ್ಪು, ಎಣ್ಣೆ ಮಿತಿಯಲ್ಲಿರಲಿ ಎಂದೇ ಹೇಳುತ್ತದೆ. ಬಾಣಂತಿಗೆ, ಮಕ್ಕಳಿಗೆ, ಮುದುಕರಿಗೆ ಏನು ಬಡಿಸಬೇಕು ಎಂದು ತಿಳಿದಿದ್ದ ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಸೊಪ್ಪಿನ ಪಲ್ಯ, ಮೊಳಕೆ ಕಾಳು, ಮಜ್ಜಿಗೆ ಇದ್ದೇ ಇರುತ್ತಿದ್ದವು. ಸಂಘದ ಮುಂದಿನ ಸಹಭೋಜನದಲ್ಲಿ ಇನ್ನೊಂದು ಬಗೆ ಸಿಹಿಯ ಬದಲು ಒಂದು ಕೋಸಂಬರಿ, ಒಂದು ಸೊಪ್ಪಿನ ಪಲ್ಯ, ನಾಲ್ಕು ಜೋಳದ ರೊಟ್ಟಿ ಸೇರಿದರೆ, ಐದನೇ ಸ್ಥಾನದಿಂದ ಮೇಲೇರುವ ಕೆಲಸವನ್ನು ನಾವೇ ಆರಂಭಿಸಿದಂತಾಗುತ್ತದೆ.